ಅಮೆರಿಕದ ಅರ್ಧಕ್ಕಿಂತ ಹೆಚ್ಚು ಜನ ಮೂರನೇ ಪಕ್ಷ ಬೇಕು ಅನ್ನುತ್ತಾರೆ, ಆದರೂ ಅದು ಬೆಳೆಯುವುದಿಲ್ಲ ಯಾಕೆ? ಮುಂದೆ ಸಾಧ್ಯತೆ ಇದೆಯಾ?

ಅಧ್ಯಕ್ಷ ಸ್ಥಾನದ ಮಾತಾದರೆ ಸದ್ಯಕ್ಕೆ ಇಲ್ಲ. ಸಂಸತ್ತಿನ ಕೆಳಮನೆಯಲ್ಲಿ ನಾಲ್ಕೈದು ಸೀಟು ಸಾಕು ಎಂದು ಹೊರಟರೆ ಇದೆ. ಹೊಸ ಪಕ್ಷ ಕಟ್ಟಲು ಹೊರಟವರಲ್ಲಿ ಹೆಚ್ಚಿನವರು ಮೊದಲನೆಯದಕ್ಕೇ ಕೈಹಾಕುತ್ತಾರೆ, ಅಲ್ಲೇ ಹಣ ಮತ್ತು ಉತ್ಸಾಹ ಎರಡೂ ಮುಗಿದುಹೋಗುತ್ತವೆ.

ನೀವು ಹೇಳುವ ಸಮೀಕ್ಷೆಯ ಅಂಕಿ ಸರಿಯೇ. 2023ರಲ್ಲಿ ಸಮೀಕ್ಷಾ ಸಂಸ್ಥೆ ಗ್ಯಾಲಪ್ ಕೇಳಿದಾಗ ಶೇ. 63 ಮಂದಿ ಮೂರನೇ ದೊಡ್ಡ ಪಕ್ಷ ಬೇಕು ಎಂದರು. ಆದರೆ ಅವರೆಲ್ಲ ಕೇಳುತ್ತಿರುವುದು ಒಂದೇ ಪಕ್ಷವನ್ನಲ್ಲ. ಕೆಲವರಿಗೆ ಡೆಮಾಕ್ರಟರಿಗಿಂತ ಎಡಕ್ಕಿರುವುದು ಬೇಕು, ಕೆಲವರಿಗೆ ರಿಪಬ್ಲಿಕನ್ನರಿಗಿಂತ ಬಲಕ್ಕಿರುವುದು, ಇನ್ನು ಕೆಲವರಿಗೆ ನಡುವಿನದು. ಈ ಶೇ. 63 ಅನ್ನು ಒಂದು ಮತಬ್ಯಾಂಕ್ ಎಂದುಕೊಂಡು ಲೆಕ್ಕ ಹಾಕಿದವರೆಲ್ಲ ಸೋತಿದ್ದಾರೆ.

ಕರ್ನಾಟಕದವರಿಗೆ ಚೆನ್ನಾಗಿ ಗೊತ್ತಿರುವ ಒಂದು ಲೆಕ್ಕದಿಂದ ಇದು ಬೇಗ ಅರ್ಥವಾಗುತ್ತದೆ. 2018ರ ವಿಧಾನಸಭಾ ಚುನಾವಣೆಯಲ್ಲಿ ಜೆಡಿಎಸ್‌ಗೆ ಬಂದದ್ದು ಸುಮಾರು ಶೇ. 18 ಮತ. ಸೀಟು 37. ಕುಮಾರಸ್ವಾಮಿ ಮುಖ್ಯಮಂತ್ರಿಯಾದರು. 1992ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಟೆಕ್ಸಸ್‌ನ ಉದ್ಯಮಿ ರಾಸ್ ಪೆರೋ ಪಕ್ಷೇತರರಾಗಿ ನಿಂತು ಶೇ. 18.9 ಮತ ಪಡೆದರು, ಅಂದರೆ 1.97 ಕೋಟಿ ಮತ. ಅಧ್ಯಕ್ಷರನ್ನು ಕೊನೆಗೆ ಆರಿಸುವುದು ಎಲೆಕ್ಟೋರಲ್ ಕಾಲೇಜು, ಅಂದರೆ ರಾಜ್ಯಗಳಿಗೆ ಇಷ್ಟಿಷ್ಟು ಎಂದು ಹಂಚಿದ ಮತಗಳು; ಅದರಲ್ಲಿ ಅವರಿಗೆ ಸಿಕ್ಕಿದ್ದು ಸೊನ್ನೆ. ಎರಡೂ ಕಡೆ ಹೆಚ್ಚು ಮತ ಪಡೆದವರೇ ಗೆಲ್ಲುವ ಪದ್ಧತಿ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು?

ಮೊದಲನೆಯದು ಮತ ಎಲ್ಲಿ ಬಿದ್ದಿದೆ ಎಂಬುದು. ಜೆಡಿಎಸ್ ಮತ ಹಳೇ ಮೈಸೂರಿನಲ್ಲಿ ಒತ್ತಾಗಿದೆ. ಆ ವರ್ಷ ಮಂಡ್ಯ ಜಿಲ್ಲೆಯ ಏಳಕ್ಕೆ ಏಳೂ ಸೀಟು ಅದಕ್ಕೇ ಬಂದವು. ಪೆರೋ ಮತ ದೇಶದ ಉದ್ದಗಲ ಹರಡಿಹೋಗಿತ್ತು. ಮೇನ್ ರಾಜ್ಯದಲ್ಲಿ ಶೇ. 30 ದಾಟಿ ಎರಡನೇ ಸ್ಥಾನ ಬಂದರೂ ಒಂದು ರಾಜ್ಯವನ್ನೂ ಗೆಲ್ಲಲಾಗಲಿಲ್ಲ. 50 ರಾಜ್ಯಗಳಲ್ಲಿ 48ರಲ್ಲಿ ಗೆದ್ದವರಿಗೇ ಅಷ್ಟೂ ಎಲೆಕ್ಟೋರಲ್ ಮತ ಹೋಗುತ್ತದೆ. ಮೇನ್ ಮತ್ತು ನೆಬ್ರಾಸ್ಕ ಮಾತ್ರ ಭಾಗಶಃ ಹಂಚುತ್ತವೆ. ಇದಕ್ಕೆ ತದ್ವಿರುದ್ಧ ಉದಾಹರಣೆ 1968ರ ಜಾರ್ಜ್ ವ್ಯಾಲೇಸ್. ಅವರ ಮತ ಶೇ. 13.5, ಪೆರೋಗಿಂತ ಕಡಿಮೆ. ಆದರೆ ಅದು ದಕ್ಷಿಣದಲ್ಲಿ ಗಟ್ಟಿಯಾಗಿದ್ದದ್ದರಿಂದ ಐದು ರಾಜ್ಯ, 46 ಎಲೆಕ್ಟೋರಲ್ ಮತ ಬಂದವು. ವ್ಯಾಲೇಸ್ ಗೆದ್ದದ್ದು ಜನಾಂಗೀಯ ಪ್ರತ್ಯೇಕತೆಯ ರಾಜಕಾರಣದಿಂದ, ಅದನ್ನು ಮಾದರಿ ಎನ್ನುವ ಪ್ರಶ್ನೆಯೇ ಇಲ್ಲ. ಇಲ್ಲಿ ನೋಡಬೇಕಾದದ್ದು ಅಂಕಗಣಿತ ಮಾತ್ರ.

ಎರಡನೆಯದು ಸರ್ಕಾರ ರಚನೆ. ನಮ್ಮಲ್ಲಿ 37 ಶಾಸಕರಿದ್ದರೆ ಫಲಿತಾಂಶ ಬಂದ ಮೇಲೆ ಮಾತುಕತೆಗೆ ಕೂರಬಹುದು. ಅಲ್ಲಿ ಅಧ್ಯಕ್ಷರನ್ನು ಸಂಸತ್ತು ಆರಿಸುವುದಿಲ್ಲ, ಹಾಗಾಗಿ ಮೈತ್ರಿಗೆ ಜಾಗವೇ ಇಲ್ಲ. ಯಾರಿಗೂ 270 ಎಲೆಕ್ಟೋರಲ್ ಮತ ಬರದಿದ್ದರೆ ಕೆಳಮನೆ ಆರಿಸುತ್ತದೆ ನಿಜ, ಆದರೆ ಸಂವಿಧಾನದ 12ನೇ ತಿದ್ದುಪಡಿಯ ಪ್ರಕಾರ ಅಲ್ಲಿ ರಾಜ್ಯಕ್ಕೊಂದೇ ಮತ, ಗೆಲ್ಲಲು 26 ಬೇಕು. ರಾಜ್ಯಗಳ ಪ್ರತಿನಿಧಿ ತಂಡಗಳೆಲ್ಲ ಎರಡು ದೊಡ್ಡ ಪಕ್ಷಗಳ ಕೈಯಲ್ಲಿವೆ. ಚುನಾವಣೆಯನ್ನು ಕೆಳಮನೆಗೆ ತಳ್ಳಿ ಅಲ್ಲಿ ಗೆಲ್ಲುತ್ತೇವೆ ಎನ್ನುವ ಯೋಜನೆ ಆಗಾಗ ಕೇಳಿಬರುತ್ತದೆ. ಕೆಳಮನೆಯಲ್ಲಿ ಒಬ್ಬನೂ ಸದಸ್ಯನಿಲ್ಲದ ಪಕ್ಷಕ್ಕೆ ಅದರಿಂದ ಏನೂ ಸಿಗುವುದಿಲ್ಲ.

ಇನ್ನು ಮತಪತ್ರದಲ್ಲಿ ಹೆಸರು ಬರುವುದು. ಹೊಸ ಪಕ್ಷಗಳು ಸೋಲುವುದು ಬಹುಪಾಲು ಇಲ್ಲಿಯೇ, ಆದರೆ ಭಾರತದಿಂದ ನೋಡುವವರ ಕಣ್ಣಿಗೆ ಇದು ಬೀಳುವುದಿಲ್ಲ. ಲೋಕಸಭೆಗೆ ಪಕ್ಷೇತರರಾಗಿ ನಿಲ್ಲಲು 10 ಮಂದಿ ಸೂಚಕರು, 25,000 ರೂಪಾಯಿ ಠೇವಣಿ ಇದ್ದರೆ ಆಯಿತು. ಅಮೆರಿಕದ ಕೇಂದ್ರ ಚುನಾವಣಾ ಆಯೋಗ ನೋಡುವುದು ಹಣದ ಲೆಕ್ಕ ಮಾತ್ರ. ಮತಪತ್ರದ ನಿಯಮ ಒಂದೊಂದು ರಾಜ್ಯಕ್ಕೆ ಒಂದೊಂದು. ಟೆನೆಸ್ಸಿಯಲ್ಲಿ ಅಧ್ಯಕ್ಷ ಸ್ಥಾನದ ಪಕ್ಷೇತರ ಅಭ್ಯರ್ಥಿಗೆ 275 ಸಹಿ ಸಾಕು. 2024ರಲ್ಲಿ ಟೆಕ್ಸಸ್‌ನಲ್ಲಿ ಬೇಕಾದದ್ದು 1,13,151. ಅದೂ ಮಾರ್ಚ್‌ನ ಪ್ರೈಮರಿ (ಪಕ್ಷಗಳು ತಮ್ಮ ಅಭ್ಯರ್ಥಿಯನ್ನು ಆರಿಸುವ ಮತದಾನ) ಮುಗಿದ ಮೇಲೆ ಮೇ ಮಧ್ಯದೊಳಗೆ, ಆ ವರ್ಷ ಯಾವ ಪಕ್ಷದ ಪ್ರೈಮರಿಯಲ್ಲೂ ಮತ ಹಾಕದವರಿಂದ ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ 2 ಲಕ್ಷ ದಾಟುತ್ತದೆ. ಸಹಿಗಳಲ್ಲಿ ಒಂದಷ್ಟು ಯಾವಾಗಲೂ ಅನೂರ್ಜಿತವಾಗುತ್ತವೆ: ವಿಳಾಸ ಹೊಂದುವುದಿಲ್ಲ, ಮತದಾರರ ಪಟ್ಟಿಯಲ್ಲಿ ಹೆಸರಿರುವುದಿಲ್ಲ, ಒಬ್ಬರೇ ಎರಡು ಸಲ ಹಾಕಿರುತ್ತಾರೆ. ಆದ್ದರಿಂದ ಅನುಭವಸ್ಥರು ಬೇಕಾದದ್ದರ ಒಂದೂವರೆ ಪಟ್ಟು ಸಂಗ್ರಹಿಸುತ್ತಾರೆ. ಸ್ವಯಂಸೇವಕರಿಂದ ಇಷ್ಟು ಆಗುವುದಿಲ್ಲ. ಸಹಿಗೆ ಇಷ್ಟು ಎಂದು ದುಡ್ಡು ಕೊಟ್ಟು ಮಾಡಿಸಬೇಕು. ಪ್ರಚಾರಕ್ಕೆ ಇಟ್ಟ ಹಣ ಅಲ್ಲೇ ಖಾಲಿ.

ಸಹಿ ಸಿಕ್ಕ ಮೇಲೂ ಕೋರ್ಟು ಕಾದಿರುತ್ತದೆ. 2024ರಲ್ಲಿ ನೆವಾಡದಲ್ಲಿ ಗ್ರೀನ್ ಪಕ್ಷದ ಬಳಿ ಸಾಕಷ್ಟು ಸಹಿ ಇದ್ದವು. ಆದರೆ ಬಳಸಿದ ನಮೂನೆಯಲ್ಲಿ ಸಹಿ ಹಾಕಿದವರು ಆ ಕೌಂಟಿಯ (ಜಿಲ್ಲೆಯಂಥ ಆಡಳಿತ ಘಟಕದ) ಮತದಾರರೆಂದು ದೃಢೀಕರಿಸುವ ಪ್ರಮಾಣಪತ್ರ ಇರಲಿಲ್ಲ. ಆ ನಮೂನೆ ಕಳಿಸಿದ್ದು ರಾಜ್ಯದ ಚುನಾವಣಾ ಕಚೇರಿಯೇ. ಆದರೂ ಡೆಮಾಕ್ರಟರು ದಾವೆ ಹೂಡಿದರು, ರಾಜ್ಯ ಸುಪ್ರೀಂ ಕೋರ್ಟ್ ಪಕ್ಷದ ಹೆಸರು ತೆಗೆಸಿತು. ಅದೇ ವರ್ಷ ನ್ಯೂಯಾರ್ಕ್‌ನಲ್ಲಿ ಅಧ್ಯಕ್ಷ ಸ್ಥಾನದ ಪಕ್ಷೇತರ ಅಭ್ಯರ್ಥಿ ರಾಬರ್ಟ್ ಕೆನಡಿ ಜೂನಿಯರ್ ಅವರ ಅರ್ಜಿ ಬಿದ್ದುಹೋದದ್ದು ಅದರಲ್ಲಿ ಕೊಟ್ಟ ನಿವಾಸದ ವಿಳಾಸ ನಿಜವಲ್ಲ ಎಂಬ ತೀರ್ಪಿನಿಂದ. ಸಣ್ಣ ಪಕ್ಷಕ್ಕೆ ಮೊದಲು ಬೇಕಾದದ್ದು ಭಾಷಣಕಾರರಲ್ಲ, ಪ್ರತಿ ರಾಜ್ಯದ ಚುನಾವಣಾ ಕಾನೂನು ಬಲ್ಲ ಒಬ್ಬ ವಕೀಲ.

ಜಾರ್ಜಿಯಾ ಇನ್ನೂ ಕಠಿಣ. ಅಲ್ಲಿ ಕೆಳಮನೆಗೆ ನಿಲ್ಲಲು ಕ್ಷೇತ್ರದ ನೋಂದಾಯಿತ ಮತದಾರರಲ್ಲಿ ಶೇ. 5 ಮಂದಿಯ ಸಹಿ ಬೇಕು, ಅಂದರೆ ಒಂದೊಂದು ಕ್ಷೇತ್ರಕ್ಕೆ ಸುಮಾರು 20,000 ಅಥವಾ ಹೆಚ್ಚು. 1943ರಿಂದ ಇರುವ ಈ ನಿಯಮದ ಕೆಳಗೆ ಯಾವ ಮೂರನೇ ಪಕ್ಷದ ಅಭ್ಯರ್ಥಿಯೂ ಸಹಿ ಸಂಗ್ರಹಿಸಿ ಆ ಮತಪತ್ರಕ್ಕೆ ಬಂದಿಲ್ಲ. ಹೊಸ ಪಕ್ಷ ಯಾವ ರಾಜ್ಯದಿಂದ ಶುರುಮಾಡಬಾರದು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ಚರ್ಚೆ ಮತ್ತು ಹಣದ ವಿಷಯ ಚಿಕ್ಕದಾಗಿ ಹೇಳುತ್ತೇನೆ. 1992ರಲ್ಲಿ ಪೆರೋಗೆ ಟಿವಿ ಚರ್ಚೆಯಲ್ಲಿ ಜಾಗ ಸಿಕ್ಕಿತು, ಅದರಿಂದಲೇ ಅವರ ಮತ ಏರಿತು. 2000ದಿಂದ ಸಮೀಕ್ಷೆಗಳಲ್ಲಿ ಶೇ. 15 ಇದ್ದರೆ ಮಾತ್ರ ಪ್ರವೇಶ ಎಂಬ ನಿಯಮ ಬಂತು. ಆಮೇಲೆ ಮೂರನೆಯವರು ಯಾರೂ ಅಧ್ಯಕ್ಷೀಯ ಚರ್ಚೆಯ ವೇದಿಕೆ ಹತ್ತಿಲ್ಲ. ಹಣದಲ್ಲಿ ಒಂದು ಸೂಕ್ಷ್ಮವಿದೆ. ಅಭ್ಯರ್ಥಿ ತನ್ನ ಸ್ವಂತ ಹಣವನ್ನು ಎಷ್ಟು ಬೇಕಾದರೂ ಖರ್ಚು ಮಾಡಬಹುದು, ಆದರೆ ಪಕ್ಷಕ್ಕೆ ಕೊಡುವ ದೇಣಿಗೆಗೆ ಮಿತಿ ಇದೆ. ಪೆರೋ ಸ್ವತಃ ಅಭ್ಯರ್ಥಿಯಾಗಿದ್ದರಿಂದ ಅವರ ಜೇಬು ಕೆಲಸಕ್ಕೆ ಬಂತು. 2025ರ ಜುಲೈನಲ್ಲಿ ಎಲಾನ್ ಮಸ್ಕ್ ‘ಅಮೆರಿಕಾ ಪಾರ್ಟಿ’ ಘೋಷಿಸಿದಾಗ ಹಣಕ್ಕೇನು ಕೊರತೆ ಎಂದು ಬಹಳ ಜನ ಬರೆದರು. ಆದರೆ ಮಸ್ಕ್ ಅಮೆರಿಕದ ಜನ್ಮಜಾತ ಪ್ರಜೆಯಲ್ಲ, ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವಂತಿಲ್ಲ. ಪಕ್ಷಕ್ಕೆ ನೇರವಾಗಿ ಕೊಡಬಹುದಾದ ಮೊತ್ತಕ್ಕೂ ಕಾನೂನಿನ ತಡೆ ಇತ್ತು.

ಈಗ ನಿಮ್ಮ ಪ್ರಶ್ನೆಯ ಎರಡನೇ ಭಾಗ. ದೇಶ ಎರಡಾಗಿ ಸೀಳಿರುವುದು ಅಧ್ಯಕ್ಷ ಚುನಾವಣೆಯಲ್ಲಿ ಮೂರನೇ ಪಕ್ಷಕ್ಕೆ ಶತ್ರು. 2000ದಲ್ಲಿ ಫ್ಲಾರಿಡಾದಲ್ಲಿ ರಿಪಬ್ಲಿಕನ್ ಬುಷ್ ಗೆದ್ದದ್ದು 537 ಮತದಿಂದ, ಅಲ್ಲಿ ಗ್ರೀನ್ ಪಕ್ಷದ ರಾಲ್ಫ್ ನೇಡರ್‌ಗೆ ಬಿದ್ದದ್ದು 97,488. ಅಂದಿನಿಂದ ಮೂರನೆಯವರಿಗೆ ಮತ ಹಾಕಿದರೆ ಎದುರಾಳಿಯನ್ನು ಗೆಲ್ಲಿಸಿದಂತೆ ಎಂಬ ಭಯ ಮತದಾರರಲ್ಲಿ ಗಟ್ಟಿಯಾಗಿ ಕೂತಿದೆ. 2016ರಲ್ಲಿ ಲಿಬರ್ಟೇರಿಯನ್ ಪಕ್ಷದ ಗ್ಯಾರಿ ಜಾನ್ಸನ್‌ಗೆ ಶೇ. 3.3 ಬಂದಿತ್ತು, 2020ರಲ್ಲಿ ಅದೇ ಪಕ್ಷಕ್ಕೆ ಶೇ. 1.2.

ಆದರೆ ಅದೇ ಸೀಳು ಕೆಳಮನೆಯಲ್ಲಿ ಸಣ್ಣ ಗುಂಪಿಗೆ ಬಲ ಕೊಡುತ್ತದೆ. 2024ರ ಫಲಿತಾಂಶ ರಿಪಬ್ಲಿಕನ್ 220, ಡೆಮಾಕ್ರಟ್ 215. ಪೂರ್ಣ ಸದನದಲ್ಲಿ ಸ್ಪೀಕರ್ ಆಗಲು 218 ಬೇಕು. 2023ರ ಜನವರಿಯಲ್ಲಿ ಸ್ವಪಕ್ಷದ ಸುಮಾರು 20 ಮಂದಿ ಅಡ್ಡಗಾಲು ಹಾಕಿದ್ದಕ್ಕೆ ಕೆವಿನ್ ಮೆಕಾರ್ಥಿ ಸ್ಪೀಕರ್ ಆಗಲು 15 ಸುತ್ತು ಮತದಾನ ನಡೆಯಿತು, ಅಡ್ಡ ನಿಂತವರು ಕೇಳಿದ ಷರತ್ತುಗಳಿಗೆ ಮೆಕಾರ್ಥಿ ಒಪ್ಪಬೇಕಾಯಿತು. ಇಂಥ ಸದನದಲ್ಲಿ ಯಾವ ಪಕ್ಷಕ್ಕೂ ಸೇರದ ಐದು ಮಂದಿ ಇದ್ದರೆ ಅವರಿಲ್ಲದೆ ಸದನ ಶುರುವೇ ಆಗುವುದಿಲ್ಲ. ಜೆಡಿಎಸ್‌ಗೆ ವಿಧಾನಸೌಧದಲ್ಲಿ ಸಿಕ್ಕ ಅವಕಾಶಕ್ಕೆ ಅಮೆರಿಕದಲ್ಲಿ ಹತ್ತಿರದ ಜಾಗ ಇದೊಂದೇ.

ಆ ಐದು ಸೀಟು ಎಲ್ಲಿ ಸಿಗುತ್ತವೆ? ತುರುಸಿನ ಸ್ಪರ್ಧೆ ಇರುವ ಕ್ಷೇತ್ರಗಳಲ್ಲಿ ಅಲ್ಲ. ಅಲ್ಲಿ ಮತ ಒಡೆಯುವ ಭಯ ಜಾಸ್ತಿ. ಒಂದು ಪಕ್ಷ ಸದಾ 25–30 ಅಂಶದ ಅಂತರದಿಂದ ಗೆಲ್ಲುವ, ಎದುರು ಪಕ್ಷ ಹೆಸರಿಗೆ ಮಾತ್ರ ಇರುವ ಕಡೆ ನೋಡಬೇಕು. ಅಲ್ಲಿ ಎರಡನೇ ಪಕ್ಷ ಕಣದಿಂದ ಹಿಂದೆ ಸರಿದರೆ ಪಕ್ಷೇತರರು ಹತ್ತಿರ ಬರುತ್ತಾರೆ. ಮೇಲ್ಮನೆಯಲ್ಲಿ ಇದನ್ನು ಮೂರು ಸಲ ಪ್ರಯೋಗಿಸಿ ನೋಡಿದ್ದಾರೆ. ಕಾನ್ಸಾಸ್‌ನಲ್ಲಿ 2014ರಲ್ಲಿ ಗ್ರೆಗ್ ಓರ್ಮನ್, ಯೂಟಾದಲ್ಲಿ 2022ರಲ್ಲಿ ಈವನ್ ಮ್ಯಾಕ್‌ಮಲಿನ್, ನೆಬ್ರಾಸ್ಕದಲ್ಲಿ 2024ರಲ್ಲಿ ಡ್ಯಾನ್ ಆಸ್ಬಾರ್ನ್. ಮೂರೂ ಕಡೆ ಡೆಮಾಕ್ರಟ್ ಅಭ್ಯರ್ಥಿ ಇರಲಿಲ್ಲ. ಮೊದಲಿಬ್ಬರು ಶೇ. 42ರ ಸುಮಾರಿಗೆ ನಿಂತರು, ಆಸ್ಬಾರ್ನ್ 46 ದಾಟಿದರು. ಮೂವರೂ ಸೋತರು. ಕೊನೆಯ ವಾರಗಳಲ್ಲಿ ಎದುರಾಳಿಗಳು ಕೇಳಿದ್ದು ಒಂದೇ ಪ್ರಶ್ನೆ: ಗೆದ್ದರೆ ಯಾರ ಜತೆ ಕೂರುತ್ತೀರಿ? ಆಸ್ಬಾರ್ನ್ ಯಾರ ಜತೆಗೂ ಇಲ್ಲ ಎಂದು ಮೊದಲಿನಿಂದಲೇ ಹೇಳುತ್ತಾ ಬಂದರು, ಓರ್ಮನ್ ಬಹುಮತ ಯಾರಿಗೋ ಅವರ ಜತೆ ಎಂದರು. ಸ್ಪಷ್ಟ ಉತ್ತರ ಕೊಟ್ಟವರಿಗೆ ಹೆಚ್ಚು ಮತ ಬಂತು ಎಂದು ಇಷ್ಟರಿಂದಲೇ ಸಾಧಿಸಲಾಗದು, ಆದರೆ ನನಗೆ ಅದು ಕಾಕತಾಳೀಯ ಅನ್ನಿಸುವುದಿಲ್ಲ.

ನಿಜವಾಗಿ ಗೆದ್ದ ಪಕ್ಷೇತರರನ್ನು ನೋಡಿ. ಬರ್ನಿ ಸ್ಯಾಂಡರ್ಸ್ 1981ರಲ್ಲೇ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ನಗರದ ಮೇಯರ್, ಆಮೇಲೆ ಕೆಳಮನೆ, ಆಮೇಲೆ ಮೇಲ್ಮನೆ. ಆಂಗಸ್ ಕಿಂಗ್ ಮೊದಲು ಎರಡು ಅವಧಿ ಮೇನ್ ರಾಜ್ಯದ ಗವರ್ನರ್, ಆಮೇಲೆ ಮೇಲ್ಮನೆ. ವರ್ಮಾಂಟ್‌ನ ಪ್ರೋಗ್ರೆಸಿವ್ ಪಕ್ಷ ಇಂದಿಗೂ ರಾಜ್ಯ ಶಾಸನಸಭೆಯಲ್ಲಿ ಸದಸ್ಯರನ್ನು ಹೊಂದಿರುವುದು ಬರ್ಲಿಂಗ್ಟನ್ ನಗರಸಭೆಯಿಂದ ಮೇಲೆ ಬಂದದ್ದರಿಂದ. ಕೆಳಗಿನಿಂದ ಕಟ್ಟಿದ್ದು ಉಳಿಯುತ್ತದೆ. ಪೆರೋ ಆಮೇಲೆ ಕಟ್ಟಿದ ರಿಫಾರ್ಮ್ ಪಕ್ಷ 2000ದ ಹೊತ್ತಿಗೆ ಒಳಜಗಳದಲ್ಲಿ ಕರಗಿತು.

ನಿಯಮ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಎರಡು ನಮೂನೆ ಇವೆ. ನ್ಯೂಯಾರ್ಕ್‌ನಲ್ಲಿ ಒಬ್ಬನೇ ಅಭ್ಯರ್ಥಿಯ ಹೆಸರು ಎರಡು ಪಕ್ಷಗಳ ಸಾಲಿನಲ್ಲಿ ಬರಬಹುದು, ಎರಡೂ ಸಾಲಿನ ಮತ ಕೂಡುತ್ತದೆ. ಹೀಗೆ ವರ್ಕಿಂಗ್ ಫ್ಯಾಮಿಲೀಸ್ ಪಕ್ಷ ಮತ ಒಡೆಯದೆ ತನ್ನ ಬಲ ತೋರಿಸುತ್ತದೆ. 2020ರಿಂದ ಮಾನ್ಯತೆ ಉಳಿಸಿಕೊಳ್ಳಲು 50,000 ಮತದ ಬದಲು 1,30,000 ಅಥವಾ ಶೇ. 2, ಯಾವುದು ಹೆಚ್ಚೋ ಅದು, ಎಂದು ಮಾಡಿದ್ದರಿಂದ ಬಹುತೇಕ ಸಣ್ಣ ಪಕ್ಷಗಳು ಉದುರಿಹೋದವು. ಈ ಪದ್ಧತಿಯನ್ನು ಬೇರೆ ರಾಜ್ಯಗಳು ನಿಷೇಧಿಸಬಹುದು ಎಂದು ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದೆ.

ಇನ್ನೊಂದು ಪ್ರಾಶಸ್ತ್ಯ ಮತ, ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ 1, 2, 3 ಎಂದು ಬರೆಯುವಂಥದ್ದು. ಮೇನ್ ಮತ್ತು ಅಲಾಸ್ಕಾದಲ್ಲಿ ಜಾರಿಯಲ್ಲಿದೆ. 2018ರಲ್ಲಿ ಮೇನ್‌ನ ಎರಡನೇ ಕ್ಷೇತ್ರದಲ್ಲಿ ಮೊದಲ ಎಣಿಕೆಯಲ್ಲಿ ಹಿಂದಿದ್ದ ಜೇರೆಡ್ ಗೋಲ್ಡನ್, ಇಬ್ಬರು ಪಕ್ಷೇತರರ ಎರಡನೇ ಪ್ರಾಶಸ್ತ್ಯ ಸೇರಿದ ಮೇಲೆ ಗೆದ್ದರು. ಗಮನಿಸಿ, ಗೆದ್ದದ್ದು ಡೆಮಾಕ್ರಟರೇ. ಪ್ರಾಶಸ್ತ್ಯ ಮತ ಭಯವನ್ನು ತೆಗೆಯುತ್ತದೆ, ಸೀಟು ಕೊಡುವುದಿಲ್ಲ. 2024ರಲ್ಲಿ ಕೊಲರಾಡೊ, ನೆವಾಡ, ಆರೆಗಾನ್, ಐಡಹೊ ನಾಲ್ಕೂ ಕಡೆ ಜನಮತದಲ್ಲಿ ಇದು ಸೋತಿತು.

ಸೀಟು ಕೊಡುವುದು ಒಂದೇ: ಒಂದು ಕ್ಷೇತ್ರದಿಂದ ಮೂರೋ ಐದೋ ಸದಸ್ಯರನ್ನು ಮತದ ಪ್ರಮಾಣಕ್ಕೆ ತಕ್ಕಂತೆ ಆರಿಸುವುದು. ಐದು ಸದಸ್ಯರ ಕ್ಷೇತ್ರದಲ್ಲಿ ಶೇ. 17 ಮತ ಒಂದು ಸೀಟು ತರುತ್ತದೆ. ಪೆರೋ ಮತದಾರರಿಗೆ ದೇಶದ ಬಹುಪಾಲು ಕಡೆ ಪ್ರತಿನಿಧಿ ಸಿಗುತ್ತಿದ್ದ. ಇದಕ್ಕೆ ಅಡ್ಡ ಇರುವುದು ಸಂವಿಧಾನವಲ್ಲ, ಕ್ಷೇತ್ರಕ್ಕೊಬ್ಬನೇ ಸದಸ್ಯ ಎಂದು ಕಡ್ಡಾಯ ಮಾಡಿದ 1967ರ ಒಂದು ಸಾಮಾನ್ಯ ಕಾನೂನು. ಅದನ್ನು ತೆಗೆಯಲು ತಿದ್ದುಪಡಿ ಬೇಡ. ಆದರೆ ಮೇಲ್ಮನೆಯಲ್ಲಿ ಮಸೂದೆಯ ಚರ್ಚೆ ಮುಗಿಸಲು 60 ಮತ ಬೇಕೆಂಬ ಅಡ್ಡಿ ಇದ್ದೇ ಇದೆ, ಎರಡು ದೊಡ್ಡ ಪಕ್ಷಗಳು ತಾವಾಗಿ ಕೈಹಾಕುವುದೂ ಇಲ್ಲ. ಆದ್ದರಿಂದಲೇ ಕೆಳಮನೆಯಲ್ಲಿ ಯಾವತ್ತಾದರೂ ಐದು ಮಂದಿ ಪಕ್ಷೇತರರು ಕೂತರೆ, ಸ್ಪೀಕರ್ ಆಯ್ಕೆಗೆ ಬೆಂಬಲ ಕೊಡುವ ಮೊದಲು ಅವರು ಕೇಳಬೇಕಾದದ್ದು ಸಮಿತಿ ಅಧ್ಯಕ್ಷತೆಯನ್ನಲ್ಲ, ಈ ಕಾನೂನಿನ ರದ್ದತಿಯ ಮಸೂದೆಯನ್ನು ಸದನದಲ್ಲಿ ಮತಕ್ಕೆ ಹಾಕಬೇಕೆಂದು.