40 ಜಿಬಿ ವಿಡಿಯೊ ಕಳಿಸುವಾಗ ಅರ್ಧದಲ್ಲೇ ನಿಂತುಹೋಗುತ್ತಿದೆ, ಏನು ಮಾಡಲಿ?

ನಿಮ್ಮ ತೊಂದರೆ ಇಷ್ಟು: 40 ಜಿಬಿ ವಿಡಿಯೊಗಳ ಫೋಲ್ಡರನ್ನು ಬೇರೆ ಊರಿನಲ್ಲಿರುವ ಎಡಿಟರ್‌ಗೆ ಮುಟ್ಟಿಸಬೇಕು. ಬ್ರೌಸರಿನಿಂದ ಮೂರು ಸಲ ಅಪ್‌ಲೋಡ್‌ಗೆ ಹಾಕಿದರೂ ನಡುವೆ ಕಡಿದು ಮತ್ತೆ ಸೊನ್ನೆಯಿಂದ ಶುರುವಾಯಿತು. ಅದಕ್ಕೇ ‘ಅತಿ ದೊಡ್ಡ ಫೈಲ್ ಹಿಡಿಸುವ ಸೈಟ್ ಯಾವುದು’ ಎಂದು ಕೇಳುತ್ತಿದ್ದೀರಿ. ನಾನಾದರೆ ಬೇರೆ ಪ್ರಶ್ನೆ ಕೇಳುತ್ತೇನೆ: ಲೈನ್ ಕಡಿದು ಮತ್ತೆ ಬಂದಾಗ ಬಿಟ್ಟ ಜಾಗದಿಂದಲೇ ಮುಂದುವರಿಸುವ ವಿಧಾನ ಯಾವುದು?

ಯಾಕೆ ಅಂತ ಲೆಕ್ಕ ಹಾಕಿ ನೋಡಿ. ಒಂದು ಬೈಟ್ ಅಂದರೆ ಎಂಟು ಬಿಟ್, ಹಾಗಾಗಿ 40 ಜಿಬಿ ಅಂದರೆ ಎಂಟರಿಂದ ಗುಣಿಸಿ 3,20,000 ಮೆಗಾಬಿಟ್. ನಿಮ್ಮ ಅಪ್‌ಲೋಡ್ ವೇಗ 10 ಎಂಬಿಪಿಎಸ್ (ಸೆಕೆಂಡಿಗೆ 10 ಮೆಗಾಬಿಟ್) ಇದ್ದರೆ 32,000 ಸೆಕೆಂಡ್, ಅಂದರೆ ಹತ್ತಿರ ಹತ್ತಿರ ಒಂಬತ್ತು ಗಂಟೆ. ಜನ ಎಡವುವುದು ಇಲ್ಲೇ: ಪ್ಲ್ಯಾನಿನಲ್ಲಿ ದೊಡ್ಡದಾಗಿ ಬರೆದಿರುವುದು ಸಾಮಾನ್ಯವಾಗಿ ಡೌನ್‌ಲೋಡ್ ವೇಗ. ಅಪ್‌ಲೋಡ್ ಅದರ ಹತ್ತನೇ ಒಂದು ಭಾಗ ಇದ್ದರೂ ಇರಬಹುದು. ಸ್ಪೀಡ್ ಟೆಸ್ಟ್ ಮಾಡಿ ಎರಡನೇ ಸಂಖ್ಯೆ ನೋಡಿ. ಒಂಬತ್ತು ಗಂಟೆಯಲ್ಲಿ ವೈಫೈ ಒಂದು ಸಲವೂ ಕೈಕೊಡುವುದಿಲ್ಲ, ಲ್ಯಾಪ್‌ಟಾಪ್ ನಿದ್ದೆಗೆ ಜಾರುವುದಿಲ್ಲ ಎಂದು ನಂಬಿ ಕೂರುವ ಹಾಗಿಲ್ಲ.

ಎಡಿಟರ್ ಕಡೆ ಒಂದು ಕಂಪ್ಯೂಟರ್ ರಾತ್ರಿಯೆಲ್ಲ ಆನ್ ಇರಬಲ್ಲದಾದರೆ ನನ್ನ ಆಯ್ಕೆ ಸಿಂಕ್‌ಥಿಂಗ್, ಅಂದರೆ ಇಬ್ಬರ ಕಂಪ್ಯೂಟರಿನ ಫೋಲ್ಡರುಗಳನ್ನು ನೇರವಾಗಿ ಒಂದೇ ಥರ ಇಡುವ ತಂತ್ರಾಂಶ. ಉಚಿತ, ನಡುವೆ ಯಾವ ಸರ್ವರಿನಲ್ಲೂ ಫೈಲ್ ಉಳಿಯುವುದಿಲ್ಲ, ಗಾತ್ರಕ್ಕೆ ಕಟ್ಟುಪಾಡಿಲ್ಲ. ಪ್ರತಿ ಫೈಲನ್ನೂ ಬ್ಲಾಕ್‌ಗಳಾಗಿ ಒಡೆದು ಒಂದೊಂದಕ್ಕೂ ಎಸ್‌ಎಚ್‌ಎ-256 ಹ್ಯಾಶ್ (ಡೇಟಾದಿಂದಲೇ ಲೆಕ್ಕ ಹಾಕಿದ, ಬೆರಳಚ್ಚಿನಂಥ ಗುರುತು) ಹಾಕುವುದರಿಂದ ಕಡಿದಾಗ ಕಳೆದುಕೊಳ್ಳುವುದು ಕೆಲವೇ ಎಂಬಿ. ಬಂದದ್ದು ಸರಿಯಿದೆಯೇ ಎಂಬ ಪರೀಕ್ಷೆಯೂ ಅದರಲ್ಲೇ ಮುಗಿಯುತ್ತದೆ.

ಇಬ್ಬರೂ ಇನ್‌ಸ್ಟಾಲ್ ಮಾಡಿಕೊಳ್ಳಿ, ಅದರ ಪುಟ ಬ್ರೌಸರಿನಲ್ಲೇ ತೆರೆಯುತ್ತದೆ. ‘ಆ್ಯಕ್ಷನ್ಸ್’ ಮೆನುವಿನ ‘ಶೋ ಐಡಿ’ ಒತ್ತಿದರೆ 56 ಅಕ್ಷರಗಳ ಉದ್ದನೆಯ ಗುರುತು ಬರುತ್ತದೆ. ಎಡಿಟರ್ ಅದನ್ನು ನಿಮಗೆ ಕಳಿಸಲಿ, ನೀವು ‘ಆ್ಯಡ್ ರಿಮೋಟ್ ಡಿವೈಸ್’ನಲ್ಲಿ ಹಾಕಿ. ಅವರ ಪರದೆಯಲ್ಲಿ ಒಪ್ಪಿಗೆ ಕೇಳುತ್ತದೆ. ನಂತರ ವಿಡಿಯೊ ಫೋಲ್ಡರನ್ನು ಸೇರಿಸಿ, ‘ಶೇರಿಂಗ್’ನಲ್ಲಿ ಅವರ ಹೆಸರಿಗೆ ಟಿಕ್ ಹಾಕಿ, ಫೋಲ್ಡರಿನ ಬಗೆಯನ್ನು ‘ಸೆಂಡ್ ಓನ್ಲಿ’ ಮಾಡಿ. ಅವರ ಕಡೆ ‘ರಿಸೀವ್ ಓನ್ಲಿ’. ಮೊದಲಿಗೆ ‘ಸ್ಕ್ಯಾನಿಂಗ್’ ಎಂದು ತೋರಿಸುತ್ತ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಆಗ 40 ಜಿಬಿಯನ್ನೂ ಓದಿ ಹ್ಯಾಶ್ ಮಾಡುತ್ತಿರುತ್ತದೆ, ಕೆಟ್ಟಿದೆ ಎಂದುಕೊಂಡು ಮುಚ್ಚಬೇಡಿ.

ಎಲ್ಲ ಸರಿಯಿದ್ದೂ ಆಮೆ ನಡಿಗೆಯಾದರೆ, ಡಿವೈಸ್ ಹೆಸರಿನ ಕೆಳಗೆ ಸಂಪರ್ಕದ ಬಗೆ ನೋಡಿ. ‘ರಿಲೇ’ ಎಂದಿದ್ದರೆ ನಿಮ್ಮಿಬ್ಬರ ರೌಟರುಗಳು ನೇರ ಸಂಪರ್ಕಕ್ಕೆ ದಾರಿ ಬಿಟ್ಟಿಲ್ಲ, ಡೇಟಾ ಯಾರೋ ಸ್ವಯಂಸೇವಕರು ನಡೆಸುವ ನಡುವಣ ಸರ್ವರ್ ಮೂಲಕ ಸುತ್ತಿ ಹೋಗುತ್ತಿದೆ. ಗೂಢಲಿಪಿಯಲ್ಲೇ ಹೋಗುವುದರಿಂದ ಭಯವಿಲ್ಲ, ವೇಗ ಮಾತ್ರ ಇಲ್ಲ. ಇಬ್ಬರಲ್ಲಿ ಒಬ್ಬರ ರೌಟರಿನಲ್ಲಿ 22000 ಪೋರ್ಟನ್ನು (ಹೊರಗಿನ ಸಂಪರ್ಕ ಒಳಬರುವ ಬಾಗಿಲಿನ ಸಂಖ್ಯೆ) ಟಿಸಿಪಿ, ಯುಡಿಪಿ ಎಂಬ ಎರಡೂ ಬಗೆಯ ಸಂಪರ್ಕಕ್ಕೆ ಆ ಕಂಪ್ಯೂಟರಿಗೆ ಫಾರ್ವರ್ಡ್ ಮಾಡಿದರೆ ಸಾಕು. ಒಂದೇ ಪಬ್ಲಿಕ್ ಐಪಿಯನ್ನು (ಇಂಟರ್‌ನೆಟ್ ವಿಳಾಸವನ್ನು) ಹಲವು ಗ್ರಾಹಕರಿಗೆ ಹಂಚುವ ಲೈನ್ ನಿಮ್ಮದಾಗಿದ್ದರೆ ನಿಮ್ಮ ಕಡೆ ಇದು ಫಲಿಸುವುದಿಲ್ಲ, ಅವರ ಕಡೆ ಪ್ರಯತ್ನಿಸಿ.

ಇನ್ನೊಂದು ಸೆಟ್ಟಿಂಗ್ ಮನೆಯವರ ಬೈಗುಳ ತಪ್ಪಿಸುತ್ತದೆ. ಅಪ್‌ಲೋಡ್ ಪೂರ್ತಿ ತುಂಬಿ ಹರಿದರೆ ಉಳಿದವರ ಬ್ರೌಸಿಂಗ್, ವಿಡಿಯೊ ಕಾಲ್ ಎಲ್ಲ ತೊದಲುತ್ತವೆ. ಡೌನ್‌ಲೋಡ್‌ಗೆ ಬೇಕಾದ ಸಣ್ಣ ಸಣ್ಣ ಸ್ವೀಕೃತಿಗಳೂ ಅದೇ ಸರದಿಯಲ್ಲಿ ಸಿಕ್ಕಿಬೀಳುತ್ತವಲ್ಲ. ‘ಔಟ್‌ಗೋಯಿಂಗ್ ರೇಟ್ ಲಿಮಿಟ್’ನಲ್ಲಿ ನಿಮ್ಮ ವೇಗದ ಶೇ. 80ರಷ್ಟು ಹಾಕಿ. ಅಲ್ಲಿನ ಅಳತೆ ಸೆಕೆಂಡಿಗೆ ಕಿಲೋಬೈಟ್ (KiB/s), ಮೆಗಾಬಿಟ್ ಅಲ್ಲ; 10 ಎಂಬಿಪಿಎಸ್ ಲೈನಿಗೆ 1000 ಎಂದು ಬರೆದರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಒಂಬತ್ತು ಗಂಟೆಯದು ಹನ್ನೊಂದಾಗುತ್ತದೆ, ಆಗಲಿ.

ತುಂಬ ಜನ ಕೈ ಸುಟ್ಟುಕೊಳ್ಳುವ ಜಾಗ ಒಂದಿದೆ. ಇದು ಸಿಂಕ್ ಮಾಡುವ ತಂತ್ರಾಂಶ. ಎಲ್ಲ ಹೋಯಿತಲ್ಲ ಎಂದು ನೀವು ನಿಮ್ಮ ಫೋಲ್ಡರಿನಿಂದ ಅಳಿಸಿದರೆ ಅವರ ಕಡೆಯೂ ಅಳಿಸಿಹೋಗುತ್ತದೆ, ‘ರಿಸೀವ್ ಓನ್ಲಿ’ ಇದ್ದರೂ ಅಷ್ಟೇ. ಅವರ ಪರದೆಯಲ್ಲಿ ‘ಅಪ್ ಟು ಡೇಟ್’ ಕಂಡ ಮೇಲೆ ಮೊದಲು ಶೇರಿಂಗ್ ಟಿಕ್ ತೆಗೆಯಿರಿ, ಆಮೇಲೆ ಅಳಿಸಿ.

ಇಬ್ಬರೂ ಒಟ್ಟಿಗೆ ಆನ್‌ಲೈನ್ ಇರಲು ಆಗದಿದ್ದರೆ ಕ್ಲೌಡ್ ಬೇಕೇಬೇಕು. ಗೂಗಲ್ ಡ್ರೈವ್ ಉಚಿತವಾಗಿ ಕೊಡುವುದು 15 ಜಿಬಿ, ಅದರಲ್ಲೇ ಮೇಲ್ ಮತ್ತು ಫೋಟೊಗಳೂ ಪಾಲು ಕೇಳುತ್ತವೆ. ಒನ್‌ಡ್ರೈವ್ 5, ಡ್ರಾಪ್‌ಬಾಕ್ಸ್ 2. ಒಂದು ತಿಂಗಳಿಗೆ 100 ಜಿಬಿ ಖರೀದಿಸಿ, ಕೆಲಸವಾದ ಮೇಲೆ ನಿಲ್ಲಿಸುವುದೇ ನೆಮ್ಮದಿ. ಬ್ರೌಸರ್ ಟ್ಯಾಬಿಗೆ ಫೈಲ್ ಎಳೆದು ಹಾಕಬೇಡಿ, ಟ್ಯಾಬ್ ಮುಚ್ಚಿದರೆ ಆ ಫೈಲ್ ಹೋದಂತೆಯೇ. ಆ ಕ್ಲೌಡ್ ಕಂಪನಿಯ ಡೆಸ್ಕ್‌ಟಾಪ್ ಆ್ಯಪ್ ಹಾಕಿಕೊಂಡರೆ ಕಡಿದರೂ ತಾನೇ ಮುಂದುವರಿಸುತ್ತದೆ.

ದುಡ್ಡು ಕೊಡುವುದು ಬೇಡವೆಂದರೆ ಕಂತಿನಲ್ಲಿ ಕಳಿಸಿ. ಫೈಲುಗಳನ್ನು ಕಟ್ಟಿ ತುಂಡು ಮಾಡುವ 7-ಜಿಪ್ ತಂತ್ರಾಂಶದಲ್ಲಿ ಫೋಲ್ಡರ್ ಆರಿಸಿ, ಕಂಪ್ರೆಷನ್ ಮಟ್ಟ ‘ಸ್ಟೋರ್’ ಇಡಿ. ವಿಡಿಯೊ ಈಗಾಗಲೇ ಹಿಂಡಿದ್ದು, ಮತ್ತೆ ಹಿಂಡಿದರೆ ಸಮಯ ಹಾಳು. ತುಂಡಿನ ಗಾತ್ರದ ಪೆಟ್ಟಿಗೆಯಲ್ಲಿ 1000 ಎಂಬಿ ಹಾಕಿದರೆ 001, 002 ಎಂದು ನಲವತ್ತರಷ್ಟು ತುಂಡುಗಳಾಗುತ್ತವೆ. ಖಾಸಗಿ ವಿಷಯವಿದ್ದರೆ ಇಲ್ಲೇ ಪಾಸ್‌ವರ್ಡ್ ಹಾಕಿ, ಫೈಲ್ ಹೆಸರುಗಳನ್ನೂ ಮುಚ್ಚುವ ಆಯ್ಕೆಗೆ ಟಿಕ್ ಮಾಡಿ, ಪಾಸ್‌ವರ್ಡನ್ನು ಫೋನಿನಲ್ಲಿ ಹೇಳಿ. ಹತ್ತು ಹತ್ತು ತುಂಡು ಏರಿಸಿ, ಅವರು ಇಳಿಸಿಕೊಂಡ ಮೇಲೆ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ. ಇಲ್ಲದಿದ್ದರೆ ಅಳಿಸಿದ್ದು 30 ದಿನ ಅಲ್ಲೇ ಕೂತು ಜಾಗ ತಿನ್ನುತ್ತದೆ. ಒಂದು ತುಂಡು ಕೆಟ್ಟರೆ ಅದೊಂದನ್ನೇ ಮತ್ತೆ ಕಳಿಸಿದರಾಯಿತು. ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿಟ್ಟು 001ನ್ನು ತೆರೆದರೆ ಉಳಿದವು ತಾವೇ ಸೇರಿಕೊಳ್ಳುತ್ತವೆ. ಆದರೆ ತುಂಡುಗಳಿಗೆ 40, ಬಿಚ್ಚಿದ ವಿಡಿಯೊಗಳಿಗೆ 40, ಒಟ್ಟು 80 ಜಿಬಿ ಜಾಗ ಇಬ್ಬರ ಡಿಸ್ಕಿನಲ್ಲೂ ಬೇಕು. ಇದನ್ನು ಮರೆತವರಿಗೆ ಬಿಚ್ಚುವ ಹೊತ್ತಿಗೆ ಎರರ್ ಬರುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿದರೆ 2 ಜಿಬಿವರೆಗೆ ಮೂಲ ಗುಣಮಟ್ಟದಲ್ಲೇ ಹೋಗುತ್ತದೆ; ಮಾಮೂಲಿ ವಿಡಿಯೊ ಆಗಿ ಕಳಿಸಿದರೆ ಹಿಂಡಿಬಿಡುತ್ತದೆ, ಎಡಿಟಿಂಗಿಗೆ ಪ್ರಯೋಜನವಿಲ್ಲ. ಈಮೇಲ್ ಮಾತೇ ಬೇಡ. ಜಿಮೇಲ್‌ನಲ್ಲಿ ಲಗತ್ತಿನ ಮಿತಿ ಬರೀ 25 ಎಂಬಿ. ಇದೇ ವಿಡಿಯೊ ಹತ್ತಾರು ಜನಕ್ಕೆ ಬೇಕಾಗಿದ್ದರೆ ಟೊರೆಂಟ್ ಮಾಡಿ, ಪಡೆದವರು ಪಡೆದಷ್ಟನ್ನು ಇತರರಿಗೆ ಹಂಚುತ್ತಾರೆ, ನಿಮ್ಮ ಅಪ್‌ಲೋಡಿನ ಮೇಲೆ ಭಾರ ಕಡಿಮೆ.

ಸ್ಪೀಡ್ ಟೆಸ್ಟ್‌ನಲ್ಲಿ ಅಪ್‌ಲೋಡ್ 2 ಎಂಬಿಪಿಎಸ್ ಎಂದು ಬಂದರೆ ಮಾತ್ರ ಮೇಲಿನದನ್ನೆಲ್ಲ ಮರೆತುಬಿಡಿ. 44 ಗಂಟೆ ಹಿಡಿಯುತ್ತದೆ, ಅಷ್ಟರಲ್ಲಿ ಕೊರಿಯರ್ ತಲುಪಿರುತ್ತದೆ. ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ ತುಂಬಿ ಕಳಿಸಿ. ಫ್ಯಾಟ್32 ಇದ್ದರೆ 4 ಜಿಬಿ ಮೀರಿದ ಒಂದೇ ಒಂದು ವಿಡಿಯೊವನ್ನೂ ಅದು ಒಳಗೆ ಬಿಟ್ಟುಕೊಳ್ಳುವುದಿಲ್ಲ.