ಸಿಟ್ಟು ಹತೋಟಿಗೆ ಬರಬೇಕು, ಯಾರ ಹತ್ತಿರ ಹೋಗಲಿ?

ಪ್ರಶ್ನೆ: ಮೂಡಿಗೆರೆ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದೇನೆ (ಆಳುಗಳ ಹಾಜರಿ, ಲೆಕ್ಕ ಬರೆಯುವ ಕೆಲಸ), ವಯಸ್ಸು 41. ಕೊಯ್ಲು ಶುರುವಾದರೆ ಸಾಕು, ಆಳುಗಳ ಮೇಲೆ ಕೂಗಾಡುತ್ತೇನೆ, ಮನೆಗೆ ಬಂದು ಮಕ್ಕಳ ಮೇಲೆ ರೇಗುತ್ತೇನೆ. ಮೊನ್ನೆ ಮೊಬೈಲನ್ನು ಗೋಡೆಗೆ ಎಸೆದೆ. ಥೆರಪಿಗೆ ಹೋಗೋಣ ಅಂದರೆ ಸೈಕಿಯಾಟ್ರಿಸ್ಟ್, ಸೈಕಾಲಜಿಸ್ಟ್, ಕೌನ್ಸೆಲರ್ ಅಂತ ಥರಾವರಿ ಬೋರ್ಡು. ಯಾರ ಹತ್ತಿರ ಹೋಗಬೇಕು? ಬೆಂಗಳೂರಿಗೇ ಹೋಗಬೇಕಾ?

ಉತ್ತರ: ಮೊದಲ ಭೇಟಿ ಸೈಕಿಯಾಟ್ರಿಸ್ಟ್, ಅಂದರೆ ಮನೋವೈದ್ಯರ ಹತ್ತಿರ ಇರಲಿ. ಮಾತ್ರೆಗಾಗಿ ಅಲ್ಲ, ಸಿಟ್ಟಿನ ಹಿಂದೆ ಬೇರೇನಾದರೂ ಇದೆಯೇ ಎಂದು ನೋಡಿಸಲು. ಗಂಡಸರಲ್ಲಿ ಖಿನ್ನತೆ ಎಷ್ಟೋ ಸಲ ಅಳುವಾಗಿ ಕಾಣುವುದಿಲ್ಲ, ಸಿಡುಕಾಗಿ ಕಾಣುತ್ತದೆ. ಥೈರಾಯ್ಡ್ ಹೆಚ್ಚಾದರೂ, ನಿದ್ದೆ ಕೆಟ್ಟರೂ, ರಾತ್ರಿಯ ಕುಡಿತ ಬೆಳಿಗ್ಗೆ ಇಳಿಯುವಾಗಲೂ ಮನುಷ್ಯ ರೇಗುತ್ತಾನೆ. ಫಿಟ್ಸ್‌ಗೆ ಕೊಡುವ ಲೆವೆಟಿರಾಸಿಟಾಮ್, ಉಬ್ಬಸಕ್ಕೋ ಅಲರ್ಜಿಗೋ ನುಂಗುವ ಸ್ಟೀರಾಯ್ಡ್ ಮಾತ್ರೆ ಕೆಲವರನ್ನು ಮುಂಗೋಪಿ ಮಾಡಿಬಿಡುತ್ತವೆ. ಹಾಗಾಗಿ ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಜೇಬಿನಲ್ಲಿರಲಿ. ಹಿಂದೆ ತಲೆಗೆ ಪೆಟ್ಟು ಬಿದ್ದಿದ್ದರೆ, ಅದು ಹಳೆಯದಾದರೂ ಹೇಳಿ. ಇವನ್ನು ಬಿಟ್ಟು ಬರೀ ಮಾತಿನ ಚಿಕಿತ್ಸೆ ಶುರುಮಾಡಿದರೆ ತಿಂಗಳುಗಟ್ಟಲೆ ಹೋದರೂ ಸಿಟ್ಟು ಇದ್ದಲ್ಲೇ ಇರುತ್ತದೆ.

ಇದಕ್ಕೆ ಬೆಂಗಳೂರು ಬೇಡ. ಚಿಕ್ಕಮಗಳೂರಿನ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆಯಲ್ಲಿ, ಹಾಸನ ಕಡೆಯವರಾದರೆ ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲಿ ಮನೋವೈದ್ಯರನ್ನು ನೋಡಬೇಕೆಂದು ಹೇಳಿ ಒಪಿಡಿ ಚೀಟಿ ಮಾಡಿಸಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುತ್ತಾರೆ. ‘ಮನೋಚೈತನ್ಯ’ ಎಂಬ ಈ ಭೇಟಿ ಯಾವ ದಿನ ಎಂದು ಮೂಡಿಗೆರೆ ಆಸ್ಪತ್ರೆಯಲ್ಲೇ ಕೇಳಿ.

ಆಮೇಲಿನ ಕೆಲಸ ಮಾತಿನ ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟರದು. ಬೋರ್ಡು ನಂಬಬೇಡಿ, ಓದು ಕೇಳಿ. ಕ್ಲಿನಿಕಲ್ ಸೈಕಾಲಜಿಯಲ್ಲಿ ಎರಡು ವರ್ಷದ ಎಂಫಿಲ್ ಮಾಡಿದವರಿಗೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಇರುತ್ತದೆ. ಅದಕ್ಕೆ ಸಿಆರ್‌ಆರ್ ನಂಬರ್ ಅನ್ನುತ್ತಾರೆ. ಕೇಳಿದರೆ ಕೊಡುತ್ತಾರೆ, ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ತಾಳೆ ನೋಡಬಹುದು. ಕೇಳಿದ್ದಕ್ಕೆ ಮುನಿಸಿಕೊಂಡರೆ ಬೇರೆಯವರನ್ನು ನೋಡಿ.

ಅಪಾಯಿಂಟ್‌ಮೆಂಟಿಗೆ ಮೊದಲೇ ಫೋನಿನಲ್ಲಿ ಕೇಳಿ: ಸಿಟ್ಟಿನ ತೊಂದರೆ ಇದ್ದವರನ್ನು ನೋಡಿದ್ದೀರಾ, ಯಾವ ವಿಧಾನ, ಮನೆಗೆ ಅಭ್ಯಾಸ ಕೊಡುತ್ತೀರಾ, ಪೂರ್ತಿ ಕನ್ನಡದಲ್ಲಿ ಮಾತಾಡಬಹುದಾ, ಒಂದು ಸಲಕ್ಕೆ ಎಷ್ಟು ಫೀಸು, ಬರಲಾಗದಿದ್ದರೆ ಎಷ್ಟು ಹೊತ್ತು ಮುಂಚೆ ತಿಳಿಸಬೇಕು. ‘ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ) ಮಾಡುತ್ತೇವೆ, ವಾರಕ್ಕೊಮ್ಮೆ ಮುಕ್ಕಾಲು ಗಂಟೆ, 8ರಿಂದ 12 ಸಲ ಬೇಕಾಗಬಹುದು, ನಾಲ್ಕು ಸಲ ಆದಮೇಲೆ ಕೂತು ನೋಡೋಣ’ ಎಂಬಂಥ ಉತ್ತರ ಬಂದರೆ ಹೋಗಿ. ಎರಡೇ ಸಿಟಿಂಗಿನಲ್ಲಿ ಗ್ಯಾರಂಟಿ ಎಂದವರಿಗೆ ನಮಸ್ಕಾರ ಹೇಳಿ ಫೋನ್ ಇಡಿ. ಊರಿನಲ್ಲಿ ಇಂಥವರು ಸಿಗದಿದ್ದರೆ ಮೊದಲ ಒಂದೆರಡು ಭೇಟಿಗೆ ಮಾತ್ರ ದೂರ ಹೋಗಿ, ಉಳಿದದ್ದು ಫೋನಿನಲ್ಲಾಗಲಿ. ನಿಮ್ಹಾನ್ಸ್ ದೊಡ್ಡದೇ, ಆದರೆ ವಾರವಾರ ಬೆಂಗಳೂರಿಗೆ ಬಸ್ಸು ಹತ್ತುವ ಉತ್ಸಾಹ ಹೆಚ್ಚು ದಿನ ಉಳಿಯುವುದಿಲ್ಲ. ತೋಟದಲ್ಲಿ ವಿಡಿಯೊ ತುಂಡಾಗುತ್ತಿದ್ದರೆ ಬರೀ ಆಡಿಯೊ ಸಾಕು. ಆಳುಗಳ ಲೈನ್ ಮನೆಯ ಪಕ್ಕ ಕೂತು ಮಾತ್ರ ಮಾತಾಡಬೇಡಿ. ಯಾರೋ ಕೇಳಿಸಿಕೊಳ್ಳುತ್ತಾರೆಂಬ ಅಳುಕಿದ್ದರೆ ನಿಜ ಬಾಯಿಗೆ ಬರುವುದಿಲ್ಲ.

‘ಕೊಯ್ಲು ಮುಗಿಯಲಿ, ಆಮೇಲೆ ಹೋದರಾಯಿತು’ ಅನ್ನಬೇಡಿ. ಸಿಟ್ಟು ಬರುವ ದಿನಗಳಲ್ಲೇ ಕಲಿಯಬೇಕಾದದ್ದು ಕಣ್ಣೆದುರಿಗಿರುತ್ತದೆ. ಇವತ್ತೇ ಒಂದು ಪಾಕೆಟ್ ನೋಟ್‌ಬುಕ್ಕಿನಲ್ಲಿ ಬರೆಯಲು ಶುರುಮಾಡಿ. ಹೀಗೆ: ‘ಸಂಜೆ 5.40. ಹಣ್ಣು ತೂಕ ಹಾಕುವಾಗ 12 ಕೆ.ಜಿ. ವ್ಯತ್ಯಾಸ. ದವಡೆ ಬಿಗಿ, ಕಿವಿ ಬಿಸಿ. ನನ್ನನ್ನು ಪೆದ್ದ ಅಂದುಕೊಂಡಿದ್ದಾರೆ ಅನ್ನಿಸಿತು. ಸಿಟ್ಟು 10ಕ್ಕೆ 8. ಕೂಗಿದೆ. ಮಧ್ಯಾಹ್ನ ಊಟ ಆಗಿರಲಿಲ್ಲ.’ ಹೆಚ್ಚಿನವರು ಇಲ್ಲೇ ಎಡವುವುದು: ಎದುರಿನವನ ತಪ್ಪುಗಳ ಚಾರ್ಜ್‌ಶೀಟು ಬರೆದು ತರುತ್ತಾರೆ. ಥೆರಪಿಸ್ಟರಿಗೆ ಬೇಕಾದದ್ದು ನಿಮ್ಮ ದವಡೆಯ ಸುದ್ದಿ, ತಲೆಯಲ್ಲಿ ಓಡಿದ ಆ ಒಂದು ವಾಕ್ಯ. ಎರಡು ವಾರ ಬರೆದರೆ ಯಾವ ಹೊತ್ತು, ಯಾವ ಹಸಿವು, ಯಾವ ಮಾತು ಎಂಬುದು ನಿಮಗೇ ಕಾಣತೊಡಗುತ್ತದೆ.

ಪ್ರಶ್ನೆ: ನಮ್ಮ ಮನೆಯವರು ಕುಡಿದಾಗ ಸಿಟ್ಟಿನಲ್ಲಿ ಕೈ ಮಾಡುತ್ತಾರೆ. ಇಬ್ಬರೂ ಸೇರಿ ಕೌನ್ಸೆಲಿಂಗಿಗೆ ಹೋಗಿ ಅಂತಾರೆ ನಮ್ಮ ಅತ್ತೆ. ಕುಡಿತ ಬಿಡಿಸುವ ಪುಡಿಯನ್ನು ಊಟದಲ್ಲಿ ಸೇರಿಸಬಹುದಾ? — ಚನ್ನರಾಯಪಟ್ಟಣದ ಓದುಗರು

ಉತ್ತರ: ಪುಡಿ ಖಂಡಿತ ಬೇಡ. ಅಂಥ ಪುಡಿಗಳಲ್ಲಿ ಡೈಸಲ್ಫಿರಾಮ್ ಇರಬಹುದು. ಅದರ ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿದು ಜೀವಕ್ಕೇ ಸಂಚಕಾರ. ಅದು ವೈದ್ಯರ ನಿಗಾದಲ್ಲಿ, ಕುಡಿಯುವವರಿಗೆ ತಿಳಿಸಿಯೇ ಕೊಡುವ ಔಷಧ.

ದಿನವೂ ಕುಡಿಯುವವರು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಮೊದಲ ದಿನವೇ ಕೈನಡುಕ, ಬೆವರು ಶುರುವಾಗಿ, ಒಂದೆರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರನೇ ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು, ಗೊಂದಲ ಕಾಣಿಸಿಕೊಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಹಿಮ್ಸ್‌ನ ಮನೋವೈದ್ಯ ವಿಭಾಗದಲ್ಲಿ ಮೊದಲೇ ತೋರಿಸಿದರೆ ಮಾತ್ರೆ ಕೊಟ್ಟು ಸುರಕ್ಷಿತವಾಗಿ ಬಿಡಿಸಬಹುದು.

ಇನ್ನು ಜೋಡಿ ಕೌನ್ಸೆಲಿಂಗ್. ಹೊಡೆತ ನಡೆಯುತ್ತಿರುವಾಗ ಅದು ಬೇಡ. ಅಲ್ಲಿ ನೀವು ಆಡಿದ ಸತ್ಯಕ್ಕೆ ಮನೆಗೆ ಬಂದಮೇಲೆ ಲೆಕ್ಕ ಕೊಡಬೇಕಾದೀತು. ಅವರ ಚಿಕಿತ್ಸೆ ಅವರದು, ನಿಮ್ಮ ಮಾತುಕತೆ ಬೇರೆಯದು. ಹೊಡೆತ ನಿಂತು ಕೆಲ ತಿಂಗಳು ಕಳೆದಮೇಲೆ, ನಿಮಗೆ ಮನಸ್ಸಿದ್ದರೆ ಮಾತ್ರ ಒಟ್ಟಿಗೆ ಕೂರಿ. ಅಷ್ಟರೊಳಗೆ ಕೈ ಎತ್ತಿದರೆ 112, ಸಲಹೆಗೆ ಮಹಿಳಾ ಸಹಾಯವಾಣಿ 181. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಗಂಡನ ಮನೆಯಲ್ಲೇ ಇದ್ದುಕೊಂಡು ರಕ್ಷಣಾ ಆದೇಶ ಕೇಳುವ ಹಕ್ಕು ನಿಮಗಿದೆ. ಇದನ್ನು ಅತ್ತೆಯವರಿಗೂ ಓದಿ ಹೇಳಿದರೆ ತಪ್ಪಿಲ್ಲ.

ಪ್ರಶ್ನೆ: ಸರ್ಕಾರಿ ಕೆಲಸಕ್ಕೆ ಓದುತ್ತಿದ್ದೇನೆ. ಸಿಟ್ಟಿಗೆಂದು ಆಸ್ಪತ್ರೆಯಲ್ಲಿ ಹೆಸರು ಬರೆಸಲು ಹೆದರಿಕೆ. — ಸಕಲೇಶಪುರದ ಓದುಗರು

ಉತ್ತರ: ಟೆಲಿಮಾನಸ್‌ಗೆ, ಅಂದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲಿರುಳು ಇರುತ್ತದೆ, ಹಣ ಬೀಳುವುದಿಲ್ಲ, ಕನ್ನಡ ಆರಿಸಿಕೊಳ್ಳಬಹುದು. ಮೊದಲು ಕೌನ್ಸೆಲರ್ ಮಾತಾಡುತ್ತಾರೆ, ಬೇಕಾದರೆ ತಜ್ಞರಿಗೆ ದಾಟಿಸುತ್ತಾರೆ. ಆಸ್ಪತ್ರೆಯಲ್ಲೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ನಿಮ್ಮ ವಿಷಯ ಗುಟ್ಟಾಗಿಡಬೇಕು. ಯಾರದಾದರೂ ಜೀವಕ್ಕೆ ಅಪಾಯ, ಕೋರ್ಟಿನ ಆದೇಶದಂಥ ಕೆಲವು ವಿನಾಯಿತಿಗಳುಂಟು, ಅಷ್ಟೇ.

ಪ್ರಶ್ನೆ: ಸಿಟ್ಟು ಬಂದಾಗ ದಿಂಬಿಗೆ ಗುದ್ದಿ ಅಂತ ವಿಡಿಯೊದಲ್ಲಿ ಹೇಳುತ್ತಾರೆ. ನಾನು ಎದ್ದು ಹೊರಗೆ ಹೋಗುತ್ತೇನೆ, ಅದಕ್ಕೆ ಹೆಂಡತಿ ಇನ್ನೂ ಕೆರಳುತ್ತಾಳೆ. — ಅರಸೀಕೆರೆಯ ಓದುಗರು

ಉತ್ತರ: ಗುದ್ದಿದರೆ ಸಿಟ್ಟು ಇಳಿಯುವುದಿಲ್ಲ, ಗುದ್ದುವುದು ರೂಢಿಯಾಗುತ್ತದೆ. ಎದ್ದು ಹೋಗುವುದು ಸರಿಯೇ, ಆದರೆ ಹೇಳದೆ ಹೋಗುತ್ತೀರಿ, ಅದೇ ಎಡವಟ್ಟು. ಇಬ್ಬರೂ ಸಮಾಧಾನದಲ್ಲಿರುವಾಗ ಒಂದು ಮಾತು ಗೊತ್ತುಮಾಡಿಕೊಳ್ಳಿ. ‘ಅರ್ಧ ಗಂಟೆ ಬಿಟ್ಟು ಬರ್ತೀನಿ’ ಎಂದರೆ ಸಾಕು. ಸಿಟ್ಟು 10ಕ್ಕೆ 5 ಆದಾಗಲೇ ಏಳಬೇಕು, 8 ಆದಮೇಲೆ ಕಾಲು ಏಳುವುದಿಲ್ಲ. ಬೈಕ್ ಹತ್ತಬೇಡಿ, ಬಾರಿನ ಕಡೆ ಹೋಗಬೇಡಿ. ಎದೆಬಡಿತ ಇಳಿಯಲು 20 ನಿಮಿಷವಾದರೂ ಬೇಕು. ನಡೆಯುತ್ತಾ ಜಗಳವನ್ನೇ ಮತ್ತೆ ಮತ್ತೆ ಆಡಿಕೊಂಡರೆ ಅದು ಇಳಿಯದು. ಉಸಿರು ಒಳಗೆ ನಾಲ್ಕು ಎಣಿಕೆ, ಹೊರಗೆ ಆರು ಎಣಿಕೆ ಮಾಡುತ್ತಾ ನಡೆಯಿರಿ. ಹೇಳಿದ ಹೊತ್ತಿಗೆ ವಾಪಸ್ ಬನ್ನಿ. ಇನ್ನೂ ಇಳಿದಿಲ್ಲವೆಂದರೆ ಬಾಗಿಲಲ್ಲೇ ನಿಂತು ‘ಇನ್ನರ್ಧ ಗಂಟೆ ಬೇಕು’ ಎಂದು ಹೇಳಿ ಹೋಗಿ.