ಅಜ್ಜಿಮನೆಯ ಮರ ಬಟ್ಟೆ ಅಂಗಡಿಗೆ ಆಗುತ್ತದೆಯೇ?

ಪ್ರಶ್ನೆ: ಉಡುಪಿಯಲ್ಲಿ 300 ಚದರ ಅಡಿಯ ಬಟ್ಟೆ ಅಂಗಡಿ ಶುರು ಮಾಡುತ್ತಿದ್ದೇನೆ. ಹತ್ತಿ ಸೀರೆ, ಕುರ್ತಾ ಇಡುತ್ತೇನೆ. ಕಾಪುವಿನ ಅಜ್ಜಿಮನೆ ಕೆಡವಿದಾಗ ಹಲಸಿನ ಹಲಗೆ, ಮಾಡಿನ ಪಕ್ಕಾಸು, ಹೆಂಚು ಉಳಿದಿವೆ. ಮಲ್ಪೆಯಲ್ಲಿ ಹಳೇ ದೋಣಿಯ ಮರವೂ ಸಿಗುತ್ತದಂತೆ. ಇವುಗಳಲ್ಲೇ ಅಂಗಡಿಯ ಒಳಗಿನ ಕೆಲಸ ಮಾಡಿಸಬಹುದೇ?
- ಓದುಗರೊಬ್ಬರು, ಉಡುಪಿ

ಉತ್ತರ: ಖಂಡಿತ ಮಾಡಿಸಿ. ಹಲಸಿನ ಮರವನ್ನಂತೂ ಯಾರಿಗೂ ಮಾರಬೇಡಿ. ಅಷ್ಟು ಬಲಿತ ಮರ ಈಗ ಸುಲಭಕ್ಕೆ ಸಿಗುವುದಿಲ್ಲ. ಆದರೆ ಇದು ಬಟ್ಟೆ ಅಂಗಡಿ, ಅಲ್ವಾ? ಮರ ಚೆಂದ ಕಂಡರೆ ಸಾಲದು. ಅದು ಬಟ್ಟೆಯ ನೂಲು ಎಳೆಯಬಾರದು, ಕಲೆ ಮಾಡಬಾರದು.

ಮೊದಲು ಮೊಳೆಗಳನ್ನೆಲ್ಲ ಕೀಳಿಸಿ. ಮುರಿದು ಒಳಗೇ ಉಳಿದದ್ದೂ ಬರಬೇಕು. ಮಳೆಗಾಲದ ತೇವಕ್ಕೆ ತುಕ್ಕು ಹಿಡಿದು ಬಿಳಿ ಸೀರೆಗೆ ತಾಗಿದರೆ ಆ ಕಲೆ ಸುಮ್ನೆ ಹೋಗುವುದಿಲ್ಲ. ತಟ್ಟಿದಾಗ ಸಣ್ಣ ತೂತುಗಳಿಂದ ಹುಡಿ ಉದುರುವ ತುಂಡು ಅಂಗಡಿಗೆ ಬೇಡವೇ ಬೇಡ, ಒಳಗೆ ಹುಳ ಇದೆ.

ಆಮೇಲೆ ಪಾಲಿಶ್ ಪೇಪರ್: 80, 120, ಕೊನೆಗೆ 220 ನಂಬರ್. ಆಚಾರಿ ‘ಆಯ್ತು’ ಅಂದ ಮೇಲೆ ಒಂದು ಹಳೇ ಶಿಫಾನ್ ಶಾಲು ತೆಗೆದುಕೊಳ್ಳಿ. ಹಲಗೆಯ ಮೇಲೆ, ಅಂಚಿನಲ್ಲಿ, ಅಡಿಯಲ್ಲೂ ಮೆಲ್ಲಗೆ ಎಳೆಯಿರಿ. ಕೈಗೆ ತಿಳಿಯದ ಸಿಬಿರು ಶಾಲಿಗೆ ತಿಳಿಯುತ್ತದೆ. ಸಿಕ್ಕಿಕೊಂಡಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ ಮತ್ತೆ ಉಜ್ಜಿಸಿ. ನಾನು ಈ ಪರೀಕ್ಷೆ ಮಾಡದೆ ಒಂದು ಕಪಾಟನ್ನೂ ಒಪ್ಪಿಸುವುದಿಲ್ಲ.

ಹಲಸಿನಲ್ಲಿ ಇನ್ನೊಂದು ವಿಷಯವಿದೆ. ಅದರ ತಿರುಳಿನಲ್ಲೇ ಹಳದಿ ಬಣ್ಣವಿರುತ್ತದೆ. ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಕಟ್ಟಲು ಈ ಮರವನ್ನೇ ಬೇಯಿಸುತ್ತಿದ್ದರು. ಹೊಸದಾಗಿ ಹೆರೆದ ಹಲಗೆಗೆ ತೇವದ ಬಟ್ಟೆ ತಾಗಿದರೆ ಹಳದಿ ಹತ್ತಬಹುದು. ಹಾಗಾಗಿ ನೀರಿನಲ್ಲಿ ಕಲಸುವ ಬಣ್ಣವಿಲ್ಲದ ಪಿಯು (ಪಾಲಿಯುರೆಥೇನ್) ಪಾಲಿಶ್ ಎರಡು ಕೋಟ್ ಹೊಡೆಸಿ. ವಾಸನೆ ಪೂರ್ತಿ ಹೋದ ಮೇಲಷ್ಟೇ ಬಟ್ಟೆ ಜೋಡಿಸಿ.

ದೋಣಿಯ ಮರ ಕಪಾಟಿಗೆ ಬೇಡ. ಅದರೊಳಗಿನ ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಕ್ಯಾಶ್ ಕೌಂಟರಿನ ಮುಂಭಾಗಕ್ಕೆ ಹಾಕಿಸಿ, ಅಲ್ಲಿ ಬಟ್ಟೆ ತಾಗುವುದಿಲ್ಲ.

ಹೆಂಚನ್ನು ಮಗುಚಿ ನೋಡಿ, ಕಾರ್ಖಾನೆಯ ಹೆಸರಿನ ಅಚ್ಚು ಇರಬಹುದು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಲ್ಲಿಂದ ಬಂದ ಕಸುಬು ಅದು. ಅಚ್ಚು ಕಾಣುವಂತೆ ಕೌಂಟರಿನ ಹಿಂದಿನ ಗೋಡೆಗೆ ಕೂರಿಸಿ. ಬಟ್ಟೆ ತಾಗುವ ಗೋಡೆಗೆ ಬೇಡ, ಕೆಂಪು ಹುಡಿ ಹತ್ತುತ್ತದೆ.

ಹ್ಯಾಂಗರ್ ಪೈಪು, ವೈರಿಂಗ್ ಹೊಸದೇ ಇರಲಿ. ಕಪಾಟಿನ ಹಿಂದೆ ಎರಡು ಇಂಚು ಜಾಗ ಬಿಡಿ, ಇಲ್ಲದಿದ್ದರೆ ಜೋರು ಮಳೆಯ ಆಟಿ ತಿಂಗಳಲ್ಲಿ ಬೂಸ್ಟು ಬರುತ್ತದೆ.

ಅಜ್ಜಿಮನೆಯ ಬಾಗಿಲು ಉಳಿದಿದೆಯೇ? ಇದ್ದರೆ ಟ್ರಯಲ್ ರೂಮಿಗೆ ಅದನ್ನೇ ಕೂರಿಸಿ. ಹಳೇ ಬಾಗಿಲುಗಳ ಎತ್ತರ ಕಡಿಮೆ. ಮೊದಲು ಅಳತೆ ತೆಗೆಯಿರಿ, ತಲೆ ತಾಗುವಂತಿದ್ದರೆ ದಾರಂದವನ್ನು (ಬಾಗಿಲ ಚೌಕಟ್ಟನ್ನು) ಸ್ವಲ್ಪ ಎತ್ತರಿಸಿ, ಮೇಲಿನ ಸಂದಿ ಮುಚ್ಚುವಂತೆ ಬಾಗಿಲಿನ ಮೇಲ್ತುದಿಗೇ ಉಳಿದ ಹಲಗೆ ಹೊಡೆಸಿ.